ಅಪ್ಪನಿಗೆ ಹೇಳಬೇಡಿ, ಡಾಕ್ಟ್ರೇ

2023ರ ಸೆಪ್ಟೆಂಬರ್. ಸ್ಕಾಟ್ಲೆಂಡಿನ ಸೈಕಲ್ ಪಟು ಕ್ರಿಸ್ ಹೋಯ್ ಅವರಿಗೆ ಭುಜ ನೋಯುತ್ತಿತ್ತು. ಆರು ಒಲಿಂಪಿಕ್ ಚಿನ್ನ ಗೆದ್ದ ಮೈ. ಜಿಮ್‌ನಲ್ಲಿ ಎಲ್ಲೋ ಉಳುಕಿರಬೇಕು ಎಂದುಕೊಂಡರು. ಸ್ಕ್ಯಾನ್‌ನಲ್ಲಿ ಭುಜದೊಳಗೆ ಗೆಡ್ಡೆ ಕಂಡಿತು. ಅದರ ಮೂಲ ಪ್ರಾಸ್ಟೇಟ್ ಗ್ರಂಥಿಯಲ್ಲಿತ್ತು. ಬೆನ್ನುಮೂಳೆ, ಪಕ್ಕೆಲುಬು, ಸೊಂಟದ ಮೂಳೆಗಳಿಗೂ ಕ್ಯಾನ್ಸರ್ ಹಬ್ಬಿತ್ತು. ನಾಲ್ಕನೇ ಹಂತ. ವಯಸ್ಸು 47. ಇನ್ನು ಎರಡರಿಂದ ನಾಲ್ಕು ವರ್ಷ ಎಂದರು ವೈದ್ಯರು.

ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು. ಕೀಮೋಥೆರಪಿಗೆ ಕೂದಲು ಉದುರಿದರೆ ಅವರು ಹೆದರಿಯಾರೆಂದು ಹೋಯ್ ತಲೆಗೆ ಕೊರೆಯುವ ತಂಪಿನ ಟೋಪಿ ತೊಟ್ಟು ಕೂತರು. ತಂಪಿಗೆ ನೆತ್ತಿಯ ರಕ್ತನಾಳಗಳು ಕುಗ್ಗುತ್ತವೆ, ಕೂದಲ ಬುಡಕ್ಕೆ ಔಷಧ ಅಷ್ಟಾಗಿ ತಲುಪುವುದಿಲ್ಲ. ಆದರೆ ಆ ನೋವನ್ನು ಸಹಿಸುವುದು ಸುಲಭವಲ್ಲ. ಕೆಲವೇ ತಿಂಗಳಲ್ಲಿ ಪತ್ನಿ ಸಾರಾಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರುವುದು ಗೊತ್ತಾಯಿತು. ಗಂಡನಿಗೆ ಇದೊಂದು ಹೊರೆ ಬೇಡವೆಂದು ಆಕೆ ಕೆಲಕಾಲ ಒಳಗೇ ಇಟ್ಟುಕೊಂಡರು.

ಮೂಳೆಗೆ ಹಬ್ಬಿತೆಂದರೆ ಮನೆಮಂದಿ ಕೈಚೆಲ್ಲುವುದುಂಟು. ಪೂರ್ತಿ ಗುಣವಾಗುವುದು ಕಷ್ಟ, ನಿಜ; ಆದರೆ ಹಿಡಿತದಲ್ಲಿಡಲು ದಾರಿಗಳಿವೆ. ಟೆಸ್ಟೋಸ್ಟಿರಾನ್ ಹಾರ್ಮೋನು ತಗ್ಗಿದರೆ ಈ ಕ್ಯಾನ್ಸರ್ ಸೊರಗುತ್ತದೆಂದು ಷಿಕಾಗೋದ ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿದ್ದರು. 1966ರಲ್ಲಿ ನೊಬೆಲ್ ಪಡೆದರು. ಇಂದಿಗೂ ಚಿಕಿತ್ಸೆಯ ತಳಹದಿ ಅದೇ: ತಿಂಗಳಿಗೋ ಮೂರು ತಿಂಗಳಿಗೋ ಒಂದು ಇಂಜೆಕ್ಷನ್, ಜೊತೆಗೆ ಮಾತ್ರೆ. ಇದಕ್ಕೆ ಅಡ್ಡಪರಿಣಾಮಗಳೂ ಇವೆ: ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುತ್ತದೆ, ಸ್ನಾಯು ಕರಗುತ್ತದೆ, ಮೂಳೆ ಸವೆಯುತ್ತದೆ. ಅದಕ್ಕೇ ವೈದ್ಯರು ಕೈಲಾದಷ್ಟು ವ್ಯಾಯಾಮ ಮಾಡಿ ಎನ್ನುತ್ತಾರೆ. ಹೋಯ್ ಸೈಕಲ್ ಬಿಡಲಿಲ್ಲ.

ಅವರು ಕಾಯಿಲೆಯನ್ನು ಮುಚ್ಚಿಟ್ಟುಕೊಂಡೇ ಇರಲೂ ಇಲ್ಲ. ಇದು ಗುಣವಾಗದ ಪ್ರಾಸ್ಟೇಟ್ ಕ್ಯಾನ್ಸರ್ ಎಂದು 2024ರ ಅಕ್ಟೋಬರ್‌ನಲ್ಲಿ ಬಹಿರಂಗವಾಗಿ ಹೇಳಿದರು. ಅವರ ತಂದೆಗೂ ತಾತನಿಗೂ ಇದೇ ಕಾಯಿಲೆ ಬಂದಿತ್ತು. ವಂಶದಲ್ಲಿ ಇದ್ದವರು 45ಕ್ಕೇ ವೈದ್ಯರನ್ನು ಕಂಡು ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡುವ ಪಿಎಸ್‌ಎ ರಕ್ತಪರೀಕ್ಷೆಯ ಬಗ್ಗೆ ಕೇಳಿ ಎಂದರು. ಬ್ರಿಟನ್ನಿನಲ್ಲಿ ಸಾವಿರಾರು ಗಂಡಸರು ವಿಚಾರಿಸತೊಡಗಿದರು.

ನಮ್ಮಲ್ಲಿ? ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಎದ್ದರೆ "ವಯಸ್ಸಾಯ್ತಲ್ಲ". ಸೊಂಟ ಹಿಡಿದರೆ "ವಾಯು". ವಯಸ್ಸಿನದೇ ತೊಂದರೆ ಇರಲೂಬಹುದು; ಆದರೆ ತೋರಿಸದೆ ಗೊತ್ತಾಗುವುದು ಹೇಗೆ? ಕೊನೆಗೆ ರಿಪೋರ್ಟ್ ಕೈಗೆ ಬಂದಾಗ ಮಗ ವೈದ್ಯರನ್ನು ಬಾಗಿಲ ಹೊರಗೇ ತಡೆದು, "ಅಪ್ಪನಿಗೆ ಹೇಳಬೇಡಿ, ಡಾಕ್ಟ್ರೇ" ಎನ್ನುತ್ತಾನೆ. ಪ್ರೀತಿಯಿಂದಲೇ. ಒಳಗೆ ಮಂಚದ ಮೇಲಿರುವ ಅಪ್ಪ ಎಲ್ಲರ ಮುಖ ನೋಡಿಯೇ ಅರ್ಧ ಊಹಿಸಿರುತ್ತಾರೆ. ಬ್ಯಾಂಕಿನ ಕಾಗದ, ಹೊಲದ ಪತ್ರ, ಯಾರಿಗೆ ಏನು ಹೇಳಬೇಕೆಂಬುದು ಅವರಲ್ಲೇ ಉಳಿಯುತ್ತದೆ. ಸುದ್ದಿ ಊರಿನಲ್ಲಿರುವ ಚಿಕ್ಕಪ್ಪನನ್ನೂ ಮುಟ್ಟುವುದಿಲ್ಲ. ಅಣ್ಣನಿಗೆ ಬಂದದ್ದು ತಮ್ಮನಿಗೂ ಬರುವ ಸಂಭವ ಹೆಚ್ಚು; ಪರೀಕ್ಷೆ ಮಾಡಿಸಿಕೊಳ್ಳಬೇಕಾದವನು ಆತ, ಜೊತೆಗೆ ಆ ಮಗ ಕೂಡ.

2025ರ ಸೆಪ್ಟೆಂಬರ್‌ನಲ್ಲಿ ಹೋಯ್ ಗ್ಲಾಸ್ಗೋದಲ್ಲಿ ಸೈಕಲ್ ಸವಾರಿಯೊಂದನ್ನು ಏರ್ಪಡಿಸಿದರು. ಹೆಸರು 'ಟೂರ್ ಡಿ ಫೋರ್'. ಫೋರ್ ಎಂದರೆ ನಾಲ್ಕನೇ ಹಂತ. ಸಾವಿರಾರು ಜನ ಪೆಡಲ್ ತುಳಿದರು. ಅವರಲ್ಲಿ ನಾಲ್ಕನೇ ಹಂತದ ಕ್ಯಾನ್ಸರ್ ಇರುವವರೂ ಇದ್ದರು.