ಗ್ರಂಥಪಾಲಕರಿಗೆ ಬೇಕಾದ ಕಂಪ್ಯೂಟರ್ ತರಬೇತಿ
(ನಾಲ್ಕು ತಾಲ್ಲೂಕುಗಳ ಶಾಲಾ-ಕಾಲೇಜು ಗ್ರಂಥಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ದಿವ್ಯವಾಣಿಯ ಮೊದಲ ಪದವೇ 'ಇಕ್ರಾ', ಅಂದರೆ 'ಓದು' ಎಂದು ನಮ್ಮ ಪ್ರತಿ ಸಭೆಯಲ್ಲೂ ಹೇಳುತ್ತೇವೆ. ಓದಲು ಬಂದ ಮಗುವಿನ ಕೈಗೆ ಪುಸ್ತಕ ಸಿಕ್ಕಿತೇ ಎಂದು ಮಾತ್ರ ಅಷ್ಟಾಗಿ ವಿಚಾರಿಸುವುದಿಲ್ಲ.

ಈಚೆಗೆ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತಿದ್ದೆ. ಊರಿನ ಹೆಸರು ಬೇಡ. ಪಿಯುಸಿ ಓದುವ ಹುಡುಗಿಯೊಬ್ಬಳು ಬಂದು ಬೊಳುವಾರು ಮಹಮದ್ ಕುಂಞಿಯವರ 'ಸ್ವಾತಂತ್ರ್ಯದ ಓಟ' ಕೇಳಿದಳು. 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಗ್ರಂಥಪಾಲಕರು ಕಂಪ್ಯೂಟರಿನಲ್ಲಿ ಹುಡುಕಿ 'ಇಲ್ಲಮ್ಮ' ಎಂದರು. ಬಸ್ಸಿಗೆ ಹೊತ್ತಾಗಿದೆಯೆಂದು ಆಕೆ ಹೊರಟುಹೋದಳು. ಎದ್ದು ನೋಡಿದರೆ ಪುಸ್ತಕ ನನ್ನ ಬೆನ್ನ ಹಿಂದಿನ ಬೀರುವಿನಲ್ಲೇ ಇತ್ತು!

ತಪ್ಪು ಆ ಗ್ರಂಥಪಾಲಕರದಲ್ಲ. ಹೆಸರುಗಳನ್ನು ಹಿಂದೊಮ್ಮೆ ಯಾರೋ ಹಳೆಯ ನುಡಿ ಅಕ್ಷರದಲ್ಲಿ ಟೈಪು ಮಾಡಿದ್ದರು. ಅದರಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಯಂತ್ರದೊಳಗೆ ದಾಖಲಾಗುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಇಂದು ನಾವು ಹುಡುಕುವುದು ಯೂನಿಕೋಡಿನಲ್ಲಿ. ಎರಡೂ ಕೂಡುವುದಿಲ್ಲ. ಹಳೆಯದನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಆದರೆ ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಲೇಬೇಕು.

ಉರ್ದುವಿನದು ಇನ್ನೂ ಸೂಕ್ಷ್ಮ. ಇನ್‌ಪೇಜ್‌ನ ಹಳೆಯ ಕಡತಗಳಿಗೂ ಇದೇ ತೊಂದರೆ. ಯೂನಿಕೋಡಿನಲ್ಲೇ ಟೈಪು ಮಾಡಿದರೂ ಅರಬ್ಬಿ ಕೀಲಿಮಣೆಯ 'ಕಾಫ್', 'ಯೇ' ಬೇರೆ, ಉರ್ದು ಕೀಲಿಮಣೆಯವು ಬೇರೆ. ಪದದ ನಡುವೆ ಬಂದಾಗ ಕಣ್ಣಿಗೆ ಒಂದೇ ಆಗಿ ಕಾಣುತ್ತವೆ, ಸಂಕೇತ ಮಾತ್ರ ಎರಡು. ಯಾವುದೋ ಒಂದನ್ನು ಗೊತ್ತುಮಾಡಿಕೊಂಡು ಎಲ್ಲರೂ ಅದನ್ನೇ ಬಳಸಬೇಕು.

ಇನ್ನು ನಮ್ಮ ಹೆಸರುಗಳು. ಮಹಮದ್, ಮಹಮ್ಮದ್, ಮುಹಮ್ಮದ್, ಮೊಹಮ್ಮದ್, ಅಹಮದ್, ಅಹ್ಮದ್. 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದ ಮೇಲೆ ಬಾನು ಮುಷ್ತಾಕ್ ಅವರ ಕತೆಗಳನ್ನು ಕೇಳಿಕೊಂಡು ಬರುವವರು ಹೆಚ್ಚಿದ್ದಾರೆ. ಅವರ ಹೆಸರನ್ನೂ 'ಕ', 'ಖ' ಎರಡರಲ್ಲೂ ಬರೆಯುತ್ತಾರೆ. ಕಾರ್ಡುಗಳ ಕಾಲದ ಹಿರಿಯರು ಇದಕ್ಕೆ ದಾರಿ ಮಾಡಿದ್ದರು: ಒಬ್ಬ ಲೇಖಕರಿಗೆ ಒಂದು ರೂಪ, ಉಳಿದ ರೂಪಗಳ ಕಾರ್ಡಿನಲ್ಲಿ 'ಇದನ್ನು ನೋಡಿ' ಎಂಬ ಸೂಚನೆ. ಈ ವಿದ್ಯೆ ಹಳೆಯ ಗ್ರಂಥಪಾಲಕರಿಗೆ ಬರುತ್ತದೆ. ಆದ್ದರಿಂದ 'ಕಂಪ್ಯೂಟರ್ ಹುಡುಗರ ಕೆಲಸ' ಎಂದು ಅವರನ್ನು ಬದಿಗಿಡುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಮೈಸೂರಿನದೇ ಉದಾಹರಣೆಯಿದೆ. ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿದೆಯೆಂದು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಆರ್. ಶಾಮಶಾಸ್ತ್ರಿಗಳು ಅಲ್ಲಿನ ಗ್ರಂಥಪಾಲಕರು. ಅದು ಗ್ರಂಥಲಿಪಿಯಲ್ಲಿತ್ತು. ಲಿಪಿ ಬಲ್ಲವರ ಕೈಗೆ ಬಂತು, ಉಳಿಯಿತು.

ತಂತ್ರಾಂಶಕ್ಕೆ ಹಣ ಬೇಡ. 2000ದಲ್ಲಿ ನ್ಯೂಜಿಲೆಂಡಿನ ಸಣ್ಣ ಗ್ರಂಥಾಲಯವೊಂದು ಬಳಕೆಗೆ ತಂದ 'ಕೋಹಾ' ಉಚಿತವಾಗಿ ಸಿಗುತ್ತದೆ. ಮಾವೊರಿ ಭಾಷೆಯಲ್ಲಿ ಆ ಪದಕ್ಕೆ ಕಾಣಿಕೆ ಎಂದೇ ಅರ್ಥ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ನೆಟ್‌ವರ್ಕ್ ಸಿಗದಿದ್ದರೂ ಒಂದೇ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ಇಲ್ಲದೆ ಅದನ್ನು ನಡೆಸಬಹುದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. ಅಲ್ಲಿನ ಮೇಲ್ವಿಚಾರಕರನ್ನೂ ತರಬೇತಿಗೆ ಕರೆಯೋಣ.

ಅಂದ ಹಾಗೆ, ವಿದ್ಯಾರ್ಥಿವೇತನದ ವಿಷಯ. ಒಂದರಿಂದ ಎಂಟನೆಯ ತರಗತಿಯ ಅಲ್ಪಸಂಖ್ಯಾತ ಮಕ್ಕಳಿಗೆ ಕೇಂದ್ರ ಕೊಡುತ್ತಿದ್ದ ವೇತನ 2022ರಲ್ಲಿ ನಿಂತಿತು. ಅದರ ಹಳೆಯ ಅರ್ಜಿ ವಾಟ್ಸಾಪಿನಲ್ಲಿ ಬಂತೆಂದು ತಾಯಂದಿರು ಸೈಬರ್ ಸೆಂಟರಿಗೆ ಹೋಗಿ ದುಡ್ಡು ಕಳೆದುಕೊಳ್ಳಬಾರದು. ಸುತ್ತೋಲೆಯ ದಿನಾಂಕ ನೋಡಿ ಹೇಳುವುದನ್ನೂ ತರಬೇತಿಯಲ್ಲಿ ಸೇರಿಸಬೇಕು.

ಪದಾಧಿಕಾರಿಗಳಲ್ಲಿ ನನ್ನ ಕೋರಿಕೆ ಒಂದೇ: ಈ ವರ್ಷ ಹೊಸ ಕಂಪ್ಯೂಟರ್ ಕೊಳ್ಳುವುದನ್ನು ತಡೆದು, ಆ ಹಣದಲ್ಲಿ ತರಬೇತಿ ನಡೆಸಿ, ಬರುವವರಿಗೆ ಬಸ್ ಚಾರ್ಜು, ಊಟ ಕೊಡಿ. ಗ್ರಂಥಪಾಲಕರು ಬರುವಾಗ ತಮ್ಮ ದಾಖಲೆ ರಿಜಿಸ್ಟರನ್ನೂ, ಹತ್ತು ಉರ್ದು, ಹತ್ತು ಕನ್ನಡ ಪುಸ್ತಕಗಳನ್ನೂ ತರಲಿ. ಅವುಗಳಿಂದಲೇ ಶುರು ಮಾಡೋಣ.

ಖುದಾ ಹಾಫಿಜ್.