ಬೆಲೆಯೂ ಬಾಳಿಕೆಯೂ

(ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಗೃಹಸ್ಥರ ಹಾಗೂ ಉಪಾಧ್ಯಾಯರ ಮುಂದೆ ಮಾಡಿದ ಭಾಷಣ)



ಇಂದು ನಾವು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಬೇಕೆಂದಿರುವ ವಿಷಯವು ಬಹು ಸಣ್ಣದು. ಬಕೆಟ್ಟು, ಬಾಣಲೆ, ಚಪ್ಪಲಿ, ಕಂಬಳಿ, ಮಕ್ಕಳ ಅಂಗಿ ಮುಂತಾದ ನಿತ್ಯೋಪಯೋಗಿ ಪದಾರ್ಥಗಳನ್ನು ಕೈಯಲ್ಲಿರುವ ಅಲ್ಪ ಹಣದಲ್ಲಿ ಬಾಳಿಕೆ ಬರುವಂತೆ ಕೊಳ್ಳುವುದು ಹೇಗೆಂಬುದೇ ಆ ವಿಷಯ. ಇದಕ್ಕೆ ಒಂದು ಸಭೆ ಬೇಕೆ, ಒಬ್ಬ ವಕೀಲನ ಮಾತು ಬೇಕೆ ಎಂದು ತಾವು ಕೇಳಬಹುದು. ಹೊಲದ ಕ್ರಯಕ್ಕೆ ಹತ್ತು ಜನರ ಆಲೋಚನೆಯನ್ನು ಕೇಳುವ ಗೃಹಸ್ಥನು, ವರ್ಷವೆಲ್ಲ ಹನಿಹನಿಯಾಗಿ ಸೋರಿಹೋಗುವ ಹಣದ ವಿಷಯದಲ್ಲಿ ಯಾರನ್ನೂ ಕೇಳುವುದಿಲ್ಲ. ಹಾಗೆ ಸೋರಿಹೋದ ಹಣವನ್ನು ಒಟ್ಟುಗೂಡಿಸಿ ನೋಡಿದರೆ ಅದು ಅಲ್ಪವಾಗಿರುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಬಡವನಿಗೆ ಬುದ್ಧಿ ಹೇಳುವವರೆಲ್ಲರೂ ಹೇಳುತ್ತಾರೆ. ಗಾದೆಯೇನೋ ಸತ್ಯವೇ. ಆದರೆ ಆ ಹಾಸಿಗೆಯೇ ಆರು ತಿಂಗಳಿಗೆ ಹರಿದುಹೋಗತಕ್ಕದ್ದಾದರೆ, ಕಾಲು ಮಡಿಸಿಕೊಂಡು ಮಲಗಿದ್ದರಿಂದ ಬಂದ ಲಾಭವೇನು? ಅಂಗಡಿಯವನು ಹೇಳುವ ಬೆಲೆಯು ವಸ್ತುವಿನ ನಿಜವಾದ ಬೆಲೆಯಲ್ಲ. ಆ ವಸ್ತುವು ಎಷ್ಟು ತಿಂಗಳು ನಮ್ಮ ಸೇವೆಮಾಡುವುದೋ ಆ ತಿಂಗಳುಗಳಿಂದ ಭಾಗಿಸಿದಾಗ ಬರುವ ಮೊತ್ತವೇ ನಿಜವಾದ ಬೆಲೆ. ನಾವು ಹೇಳಬೇಕಾದುದೆಲ್ಲವೂ ಈ ಒಂದು ಮಾತಿನ ವಿಸ್ತಾರವೇ ಆಗಿದೆ.

ಒಂದು ಲೆಕ್ಕವನ್ನು ಮಾಡೋಣ. 250 ರೂಪಾಯಿಯ ಅಂಟಿಸಿದ ಚಪ್ಪಲಿಯು 5 ತಿಂಗಳು ಬರುವುದೆಂದು ಇಟ್ಟುಕೊಳ್ಳಿರಿ. ತಿಂಗಳಿಗೆ 50 ರೂಪಾಯಿ ಆಯಿತು. 900 ರೂಪಾಯಿಯ ಹೊಲಿದ ತೊಗಲಿನ ಚಪ್ಪಲಿಯು, ಎರಡು ಸಲ 150ರಂತೆ ಕೊಟ್ಟು ಅಟ್ಟೆ ಹಾಕಿಸಿದರೆ, 3 ವರ್ಷ ಬಾಳುವುದೆಂದು ಇಟ್ಟುಕೊಳ್ಳಿರಿ. ಒಟ್ಟು 1200 ರೂಪಾಯಿ, ತಿಂಗಳಿಗೆ 33 ರೂಪಾಯಿಗಿಂತ ಸ್ವಲ್ಪ ಹೆಚ್ಚು. ಅಗ್ಗದ ಚಪ್ಪಲಿಯನ್ನೇ ಮೆಟ್ಟಿದವನು ಅದೇ 3 ವರ್ಷಗಳಲ್ಲಿ 1800 ರೂಪಾಯಿಯ ದರದಲ್ಲಿ ತೆತ್ತಂತಾಯಿತು. ಹೀಗೆ ಅಗ್ಗದ ವಸ್ತುವನ್ನು ಕೊಂಡವನೇ ಹೆಚ್ಚು ಹಣ ತೆರುತ್ತಾನೆ. ತೆತ್ತೂ ವರ್ಷದಲ್ಲಿ ಅನೇಕ ದಿನ ಹರಿದ ಚಪ್ಪಲಿಯಲ್ಲೇ ನಡೆಯುತ್ತಾನೆ.

ಈ ಲೆಕ್ಕವು ಬಡವನಿಗೆ ತಿಳಿಯದೆಂದು ಯಾರೂ ಭಾವಿಸಬಾರದು. ಅವನಿಗೆ ನಮಗಿಂತ ಚೆನ್ನಾಗಿ ತಿಳಿದಿದೆ. ಆದರೆ ಸಂತೆಯ ದಿನ ಅವನ ಕೈಯಲ್ಲಿ 900 ರೂಪಾಯಿ ಇಲ್ಲ, 250 ಇದೆ. ಬಡತನದ ನಿಜವಾದ ಕಷ್ಟವು ಇಲ್ಲಿಯೇ ಇರುವುದು. ನಮ್ಮ ಸೀಮೆಯ ಆದಾಯದ ರೀತಿಯನ್ನು ನೋಡಿರಿ. ಅರಿಸಿನ ಬೆಳೆಯುವವನು ಎಂಟೊಂಬತ್ತು ತಿಂಗಳು ಕಾದು, ವರ್ಷಕ್ಕೊಮ್ಮೆ ಹಣ ಕಾಣುತ್ತಾನೆ. ತೆರಕಣಾಂಬಿಯ ಮಾರುಕಟ್ಟೆಗೆ ತರಕಾರಿ ತರುವವನಿಗೆ ಈ ವಾರ ಒಂದು ಬೆಲೆ, ಬರುವ ವಾರ ಮತ್ತೊಂದು. ಕೂಲಿಯವನ ಹಣವು ದಿನದ್ದು ದಿನಕ್ಕೇ ಮುಗಿಯುತ್ತದೆ. ತಿಂಗಳ ಸಂಬಳದವರಾದ ನಾವಾದರೂ ತಿಂಗಳ ಕೊನೆಯ ವಾರದಲ್ಲಿ ಅವರಿಗಿಂತ ಬಹಳ ಮೇಲಲ್ಲ.

ಈ ಕಷ್ಟಕ್ಕೆ ಇಂದು ಸುಲಭವಾಗಿ ದೊರೆಯುವ ಮದ್ದು ಸಾಲ. ಅಂಗಡಿಯ ಬಾಗಿಲಲ್ಲಿಯೇ ಕಂತಿನ ಕಾಗದ ಸಿದ್ಧವಾಗಿರುತ್ತದೆ. ಬಡ್ಡಿ ಸೊನ್ನೆಯೆಂದು ದೊಡ್ಡಕ್ಷರದಲ್ಲಿ ಬರೆದಿರುತ್ತದೆ. 2013ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಸೊನ್ನೆ ಬಡ್ಡಿಯೆಂಬುದೇ ಇಲ್ಲವೆಂದು ಬ್ಯಾಂಕುಗಳಿಗೆ ಸ್ಪಷ್ಟವಾಗಿ ತಿಳಿಸಿತು; ಆ ಬಡ್ಡಿಯು ಶುಲ್ಕದಲ್ಲಿಯೋ, ಬಿಟ್ಟುಹೋದ ರಿಯಾಯಿತಿಯಲ್ಲಿಯೋ ಅಡಗಿರುತ್ತದೆ. ಸಾಲದ ಫಲವೇನೆಂಬುದನ್ನು ಬೇರೆ ದೇಶದ ಉದಾಹರಣೆಯಿಂದ ತೋರಿಸಬೇಕಾಗಿಲ್ಲ. 2025ರ ಜನವರಿಯಲ್ಲಿ ಇದೇ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ, ಕಿರುಸಾಲದ ವಸೂಲಿಯ ಕಾಟಕ್ಕೆ ಅಂಜಿ ಸಂಸಾರಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಯನ್ನು ನಾಡೆಲ್ಲ ಓದಿತು. ಮರು ತಿಂಗಳು, ಫೆಬ್ರವರಿ 12ರಂದು, ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯು ಹೊರಟು, ತಪ್ಪಿತಸ್ಥರಿಗೆ 10 ವರ್ಷಗಳವರೆಗೆ ಸೆರೆಮನೆಯ ಶಿಕ್ಷೆಯು ವಿಧಿತವಾಯಿತು. ಕಾನೂನು ಬಂದದ್ದು ಒಳ್ಳೆಯದೇ. ಆ ಸಾಲಗಳಿಗೆ ರೋಗ, ಮದುವೆ, ಬೆಳೆನಷ್ಟ ಮೊದಲಾಗಿ ಕಾರಣಗಳು ಅನೇಕ. ಅವರನ್ನು ದೂರುವ ಹಕ್ಕು ನಮಗಿಲ್ಲ. ಆದರೆ ರೋಗಕ್ಕೆ ಸಾಲ ಮಾಡಬೇಕಾಗಿ ಬರಬಹುದಾದ ಮನೆಯು, ಮಿಕ್ಸಿಗೂ ಮಂಚಕ್ಕೂ ಸಾಲ ಮಾಡಿ ತನ್ನ ಬಲವನ್ನು ಮೊದಲೇ ಕಳೆದುಕೊಳ್ಳಬಾರದು.

ಹಾಗಾದರೆ ಉಪಾಯವೇನು? ಕಂತನ್ನು ಕೊಂಡ ಮೇಲೆ ಕಟ್ಟುವುದರ ಬದಲು ಕೊಳ್ಳುವುದಕ್ಕೆ ಮುಂಚೆಯೇ ಕಟ್ಟತಕ್ಕದ್ದು. ಅಂಚೆಯ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದಲೇ ಆವರ್ತ ಠೇವಣಿಯನ್ನು ತೆರೆಯಬಹುದು. ಸ್ತ್ರೀಯರ ಸ್ವಸಹಾಯ ಸಂಘಗಳು ಊರೂರಿನಲ್ಲಿಯೂ ಇವೆ. ಸಂಘದ ಉಳಿತಾಯದಲ್ಲಿ ಒಂದು ಭಾಗವನ್ನು ಸರದಿಯ ಮೇಲೆ ಒಬ್ಬೊಬ್ಬರ ಮನೆಗೆ ಒಂದೊಂದು ಒಳ್ಳೆಯ ವಸ್ತುವಿಗಾಗಿ ಮೀಸಲಿಡಬಹುದು. ಖಾಸಗಿ ಚೀಟಿಯಲ್ಲಿ ಸೇರುವವರು, 1982ರ ಚಿಟ್ ಫಂಡ್ ಕಾಯಿದೆಯ ಪ್ರಕಾರ ಅದು ನೋಂದಣಿಯಾಗಿದೆಯೇ ಎಂದು ಮೊದಲು ವಿಚಾರಿಸಲಿ. ವರ್ಷಕ್ಕೊಮ್ಮೆ ಹಣ ಕಾಣುವ ರೈತನು ಬೆಳೆ ಮಾರಿದ ವಾರದಲ್ಲಿಯೇ ಆ ವರ್ಷ ಕೊಳ್ಳಬೇಕಾದ ಒಂದೋ ಎರಡೋ ವಸ್ತುಗಳನ್ನು ಪಟ್ಟಿಮಾಡಿ ಕೊಂಡುಬಿಡಲಿ. ವರ್ಷಕ್ಕೆ ಎರಡೇ ಒಳ್ಳೆಯ ವಸ್ತುಗಳನ್ನು ಕೊಂಡರೂ ಐದು ವರ್ಷಗಳಲ್ಲಿ ಮನೆಯ ಸ್ವರೂಪವೇ ಬೇರೆಯಾಗುತ್ತದೆ.

ಇನ್ನು ಪರೀಕ್ಷಿಸುವ ಬಗೆ. ಪಾತ್ರೆಯನ್ನು ಕೈಯಲ್ಲಿ ಎತ್ತಿ ತೂಕವನ್ನು ನೋಡಿರಿ. ತಳವು ಸಮವಾಗಿದೆಯೇ, ಹಿಡಿಯು ಭದ್ರವಾಗಿದೆಯೇ ಎಂದು ಅಲುಗಿಸಿ ನೋಡಿರಿ. ಸ್ಟೀಲಿನಲ್ಲಿ 304 ಎಂಬ ದರ್ಜೆಯದರಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ. 200ರ ವರ್ಗದ ಅಗ್ಗದ ಸ್ಟೀಲಿನಲ್ಲಿ ನಿಕ್ಕಲಿನ ಬಹುಭಾಗಕ್ಕೆ ಬದಲಾಗಿ ಮ್ಯಾಂಗನೀಸ್ ಸೇರಿರುವುದರಿಂದ ಅದು ಬೇಗ ತುಕ್ಕು ಹಿಡಿಯಬಹುದು. ಅಯಸ್ಕಾಂತದಿಂದ ಈ ಭೇದವು ತಿಳಿಯದು; ದರ್ಜೆಯನ್ನು ರಸೀತಿಯಲ್ಲಿ ಬರೆಸಿಕೊಳ್ಳುವುದೇ ದಾರಿ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೇಯ್ಗೆಯ ಒತ್ತನ್ನು ನೋಡಿರಿ; ಒದ್ದೆಯ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುವುದೇ ಎಂದು ನೋಡಿರಿ. ಬೆಳೆಯುವ ಮಕ್ಕಳ ಲಂಗಕ್ಕೂ ಚಡ್ಡಿಗೂ ಒಳಗೆ ಮಡಿಕೆ ಬಿಡಿಸಿ ಹೊಲಿಸಿರಿ. ಪ್ರೆಷರ್ ಕುಕ್ಕರಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಗುರುತಿನ ಮೇಲೆ ಮಾನಕದ ಸಂಖ್ಯೆಯೂ ಕೆಳಗೆ ಪರವಾನಗಿಯ ಸಂಖ್ಯೆಯೂ ಇರಬೇಕು. ಬರಿಯ ಗುರುತಿದ್ದು ಸಂಖ್ಯೆಯಿಲ್ಲದಿದ್ದರೆ ಅದನ್ನು ನಂಬತಕ್ಕದ್ದಲ್ಲ.

ಹಿತ್ತಾಳೆ ತಾಮ್ರಗಳಿಗೆ ಮತ್ತೊಂದು ಗುಣವಿದೆ. ಅವು ಸವೆದರೂ ತೂಕಕ್ಕೆ ಬೆಲೆ ಬರುತ್ತದೆ. ನಮ್ಮ ಅಜ್ಜಿಯರು ಹಳೆಯ ಕೊಡವನ್ನು ತೂಗಿಕೊಟ್ಟು ಹೊಸದನ್ನು ತಂದದ್ದು ಈ ಕಾರಣದಿಂದಲೇ. ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಹುಣಿಸೆ ಮಜ್ಜಿಗೆಗಳನ್ನು ಇಡಬಾರದೆಂಬುದನ್ನು ಮಾತ್ರ ಮರೆಯಬಾರದು. ಒಡೆದ ಪ್ಲಾಸ್ಟಿಕ್ ಬಕೆಟ್ಟಿಗಾದರೋ ಗುಜರಿಯವನು ಕೊಡುವ ಕಾಸು ಲೆಕ್ಕಕ್ಕೆ ಬಾರದು.

ಎಲ್ಲ ವಸ್ತುವೂ ಬಹುಕಾಲ ಬಾಳಬೇಕೆಂದು ನಾವು ಹೇಳುವುದಿಲ್ಲ. ವರ್ಷದಲ್ಲಿ ಗಿಡ್ಡವಾಗುವ ಮಗುವಿನ ಅಂಗಿಗೆ ಹತ್ತು ವರ್ಷದ ಬಟ್ಟೆ ಬೇಡ. ವರ್ಷಕ್ಕೊಮ್ಮೆ ಬೇಕಾಗುವುದನ್ನು ಕೊಳ್ಳಲೇಬೇಡಿರಿ. ಮದುವೆಯ ಅಡಿಗೆಯ ದೊಡ್ಡ ಪಾತ್ರೆಗಳನ್ನು ಊರೊಟ್ಟಿನಲ್ಲಿ ಇಟ್ಟುಕೊಂಡು ಬೇಕಾದವರು ಒಯ್ಯುವ ಪದ್ಧತಿಯು ನಮ್ಮ ಅನೇಕ ಹಳ್ಳಿಗಳಲ್ಲಿದೆ. ಏಣಿಗೂ ಗರಗಸಕ್ಕೂ ಇದೇ ಪದ್ಧತಿಯು ಸಲ್ಲಬಾರದೇಕೆ? ದಿನವೂ ಕೈಗೆ ಬರುವ ವಸ್ತುವಿಗೆ ಹೆಚ್ಚು ಹಣ, ಅಪರೂಪಕ್ಕೆ ಬೇಕಾದುದಕ್ಕೆ ಎರವಲು ಎಂಬುದೇ ಸೂತ್ರ.

ಕೊಂಡಮೇಲೆ ವಸ್ತುವು ಕೆಟ್ಟರೆ? ಇಲ್ಲಿ ನಮ್ಮ ವೃತ್ತಿಯ ಮಾತನ್ನು ಹೇಳಲು ಅಪ್ಪಣೆಯಾಗಬೇಕು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕರ ಸಂರಕ್ಷಣಾ ಕಾಯಿದೆಯ ಪ್ರಕಾರ ರಸೀತಿ ಕೊಡದಿರುವುದೇ ಅನುಚಿತ ವ್ಯಾಪಾರವೆನಿಸುತ್ತದೆ. ದೋಷವುಳ್ಳ ಸರಕನ್ನು ರಸೀತಿಯಲ್ಲಿ ಹೇಳಿದ ಅವಧಿಯೊಳಗೆ, ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ತೆಗೆದುಕೊಳ್ಳಲು ನಿರಾಕರಿಸುವುದೂ ಹಾಗೆಯೇ. ಮಾರಿದ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬ ಅಂಗಡಿಯ ಹಲಗೆಗೆ ದೋಷದ ಸರಕಿನ ವಿಷಯದಲ್ಲಿ ಬಲವಿಲ್ಲ. ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂಪಾಯಿಗಳವರೆಗಿನ ಖರೀದಿಗೆ ಶುಲ್ಕವಿಲ್ಲ. ವಕೀಲನನ್ನು ಇಡಬೇಕೆಂಬ ನಿರ್ಬಂಧವೂ ಇಲ್ಲ. ಇದನ್ನು ವಕೀಲರಾದ ನಾವೇ ಹೇಳುತ್ತಿದ್ದೇವೆ! 1915 ಎಂಬ ಸಂಖ್ಯೆಗೆ ಕರೆಮಾಡಿದರೆ ಸಲಹೆಯೂ ದೊರೆಯುವುದು. ಆದರೆ ಕೈಯಲ್ಲಿ ರಸೀತಿಯಿಲ್ಲದವನ ಮಾತು ಎಲ್ಲಿಯೂ ನಿಲ್ಲುವುದು ಕಷ್ಟ. ಆದ ಕಾರಣ ಒಂದು ಡಬ್ಬಿಯಲ್ಲಿ ರಸೀತಿಗಳನ್ನೆಲ್ಲ ಕೂಡಿಡಿರಿ.

ವಸ್ತುವು ಬಾಳಬಾರದೆಂದೇ ತಯಾರಿಸುವವರೂ ಲೋಕದಲ್ಲಿದ್ದರು. 1924ರಲ್ಲಿ ಹಲವು ದೇಶಗಳ ವಿದ್ಯುದ್ದೀಪದ ಕಂಪನಿಗಳು ಒಂದುಗೂಡಿ, ದೀಪವು 1000 ಗಂಟೆಗಿಂತ ಹೆಚ್ಚು ಉರಿಯಬಾರದೆಂದು ಕಟ್ಟುಮಾಡಿಕೊಂಡವು; ಹೆಚ್ಚು ಉರಿಯುವ ದೀಪ ಮಾಡಿದವನಿಗೆ ದಂಡ ವಿಧಿಸಿದವು. ಅದಕ್ಕೆ ವಿರುದ್ಧವಾದ ಗಾಳಿಯೂ ಬೀಸಿದೆ. ಫ್ರಾನ್ಸ್ ದೇಶವು 2021ರಿಂದ ಕೆಲವು ಯಂತ್ರಗಳ ಮೇಲೆ, ಅವು ಎಷ್ಟು ಸುಲಭವಾಗಿ ರಿಪೇರಿಯಾಗುವುವೆಂಬ ಅಂಕವನ್ನು ಬರೆಯಬೇಕೆಂದು ವಿಧಿಸಿತು. ನಾವೂ ಕೊಳ್ಳುವಾಗ ಅಂಗಡಿಯವನನ್ನು ಈ ಒಂದು ಪ್ರಶ್ನೆ ಕೇಳೋಣ: ಇದು ಕೆಟ್ಟರೆ ನಮ್ಮೂರಿನಲ್ಲಿ ರಿಪೇರಿ ಮಾಡುವವರು ಯಾರು, ಇದರ ಬಿಡಿಭಾಗ ಎಲ್ಲಿ ದೊರೆಯುವುದು? ಉತ್ತರವಿಲ್ಲದಿದ್ದರೆ ಆ ವಸ್ತುವು ಎಷ್ಟೇ ಹೊಳೆಯುತ್ತಿರಲಿ, ನಮಗೆ ಬೇಡ.

ಬಸ್ ನಿಲ್ದಾಣದ ಬಳಿ ಕುಳಿತ ಚಮ್ಮಾರನೂ, ಕಲಾಯಿಯವನೂ, ಕೊಡೆ ರಿಪೇರಿಯವನೂ, ದರ್ಜಿಯೂ ನಮ್ಮ ಸಂಸಾರದ ಹಣವನ್ನು ಕಾಯುವವರು. ನಮ್ಮ ನೆರೆಯ ನಂಜನಗೂಡು ತಾಲ್ಲೂಕಿನ ಬದನವಾಳುವಿನ ಖಾದಿ ಕೇಂದ್ರಕ್ಕೆ 1927ರಲ್ಲಿ ಮಹಾತ್ಮರು ಬಂದಿದ್ದರು. 2015ರಲ್ಲಿ ಅಲ್ಲಿಯೇ ಕೈಕೆಲಸದ ಉಳಿವಿಗಾಗಿ ಸತ್ಯಾಗ್ರಹವು ನಡೆಯಿತು. ಮಾಡುವ ಕೈಯನ್ನು ಕುರಿತು ಅಷ್ಟು ಯೋಚಿಸಿದ ನಾಡು ದುರಸ್ತಿಯ ಕೈಯನ್ನು ಮರೆಯಬಾರದು. ಅವರೊಡನೆ ಹತ್ತು ರೂಪಾಯಿಗೆ ಚೌಕಾಸಿ ಮಾಡಿ, ಹೊಸದಕ್ಕೆ ಸಾವಿರ ಚೆಲ್ಲುವುದು ವಿವೇಕವಲ್ಲ. ಅವರು ಕಸಬು ಬಿಟ್ಟ ದಿನ ನಮ್ಮ ಒಳ್ಳೆಯ ವಸ್ತುಗಳೂ ಅಗ್ಗದ ವಸ್ತುಗಳಂತೆಯೇ ತಿಪ್ಪೆ ಸೇರುವುವು.

ಉಪಾಧ್ಯಾಯ ಬಂಧುಗಳಲ್ಲಿ ಕೊನೆಯದಾಗಿ ಒಂದು ಪ್ರಾರ್ಥನೆ. ತಾವು ತರಗತಿಯಲ್ಲಿ ಭಾಗಾಕಾರವನ್ನು ಕಲಿಸುವಾಗ, ಒಂದು ಲೆಕ್ಕವನ್ನಾದರೂ ಮಗುವಿನ ಮನೆಯಿಂದಲೇ ತೆಗೆದುಕೊಳ್ಳಿರಿ. ನಿಮ್ಮ ಮನೆಯ ಬಕೆಟ್ಟಿಗೆ ಎಷ್ಟು ಕೊಟ್ಟರು, ಎಷ್ಟು ತಿಂಗಳು ಬಂದಿತು, ತಿಂಗಳಿಗೆ ಎಷ್ಟಾಯಿತು? ಮಗುವು ಅದನ್ನು ಮನೆಯಲ್ಲಿ ಕೇಳುವುದು. ತಾಯಿಯು ಲೆಕ್ಕ ಹೇಳುವಳು. ತಂದೆಯು ಮುಂದಿನ ಸಂತೆಯಲ್ಲಿ ಒಂದು ಗಳಿಗೆ ನಿಂತು ಯೋಚಿಸುವನು. ಅಷ್ಟಾದರೆ ಈ ದಿನ ತಾವು ನಮಗಾಗಿ ವ್ಯಯಿಸಿದ ಸಮಯವು ವ್ಯರ್ಥವಾಗದು.