ಬಸುರಿಗೆ ಬೀಳುವ ಏಟು ಮುಂಚೆಯೇ ಕಾಣುತ್ತದೆ

(ಬಸವಾಪಟ್ಟಣದ ಸಭೆಯಲ್ಲಿ ಆಡಿದ ಮಾತು)



ಜಮೀನ್ದಾರ ಹೊಡೆದರೆ ಅದನ್ನು ದೌರ್ಜನ್ಯ ಅಂತೀವಿ. ಬೀದಿಗಿಳಿದು ಕೂಗ್ತೀವಿ. ಕೂಗಲೇಬೇಕು. ಅದೇ ಕೇರಿಯೊಳಗೆ ಗಂಡ ಬಸುರಿ ಹೆಂಡತಿಯನ್ನು ಒದ್ದರೆ ಅದಕ್ಕೇನು ಹೆಸರು? ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಅಂತ ಗಾದೆ ಹೇಳಿ ನೆರೆಯವರು ಕದ ಹಾಕಿಕೊಳ್ಳುತ್ತಾರೆ. ಆ ಬಸುರಿ ಉಂಡಿಲ್ಲ, ಹೆದರಿಕೆಯಿಂದ ಮಲಗಿಲ್ಲ. ಅವಳ ಮುಂದೆ ಈ ಗಾದೆ ಹೇಳೋರು ಯಾರು?

ಇದು ನಮ್ಮ ಕೇರಿಯೊಂದರ ರೋಗವಲ್ಲ, ಎಲ್ಲ ಜಾತಿಯ ಮನೆಗಳಲ್ಲೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 100 ಹೆಂಗಸರಲ್ಲಿ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಇಡೀ ದೇಶದ ಲೆಕ್ಕ 29. ಬಸುರಿನಲ್ಲೇ ಏಟು ತಿಂದವರು ನಮ್ಮ ರಾಜ್ಯದಲ್ಲಿ 100ಕ್ಕೆ 6ರ ಹತ್ತಿರ, ದೇಶದಲ್ಲಿ 3. ಇದು ಬಾಯಿಬಿಟ್ಟವರ ಲೆಕ್ಕ ಮಾತ್ರ.

ಈ ಏಟು ಸಿಡಿಲಿನ ಹಾಗೆ ದಿಢೀರನೆ ಬೀಳೋದಲ್ಲ. ಮೋಡದ ಹಾಗೆ ಮುಂಚೆಯೇ ಕಾಣುತ್ತದೆ. ಯಾವ ಮನೆಯಲ್ಲಿ ಅಂತ ನೋಡೋಣ.

ಒಂದು, ಬಸುರಿಗೆ ಮುಂಚೆಯೇ ಕೈ ಎತ್ತಿದ ಗಂಡನ ಮನೆ. ‘ಒಂದು ಮಗು ಆದ್ರೆ ಸರಿಹೋಗ್ತಾನೆ’ ಅಂತ ಹಿರಿಯರು ಸಮಾಧಾನ ಹೇಳ್ತಾರೆ. ಹೊಡೆದು ರೂಢಿಯಾದ ಕೈ ತೊಟ್ಟಿಲು ಕಂಡು ನಿಲ್ಲೋದಿಲ್ಲ.

ಎರಡು, ಕುಡಿತ. ಅದೇ ಸಮೀಕ್ಷೆ ಹೇಳುವಂತೆ ಪದೇಪದೇ ಅಮಲೇರುವ ಗಂಡಂದಿರ ಹೆಂಡಿರಲ್ಲಿ 100ಕ್ಕೆ 70 ಮಂದಿ ಹಿಂಸೆ ಕಂಡಿದ್ದಾರೆ. ಕುಡಿಯದವರ ಮನೆಗಳಲ್ಲಿ 23. ಹೆಂಡದ ವಿರುದ್ಧದ ಹೋರಾಟ ಹೆಣ್ಣಿನ ಹೋರಾಟವೂ ಹೌದು. ಆದರೆ ‘ಕುಡಿದಿದ್ದ, ಪಾಪ’ ಅಂತ ಬಿಡಬೇಡಿ. ಅವನು ಕುಡಿದು ಗೌಡರ ಮನೆ ಮುಂದೆ ಕೈ ಎತ್ತೋದಿಲ್ಲ. ಮನೆಗೆ ಬಂದೇ ಎತ್ತುತ್ತಾನೆ!

ಮೂರು, ವರದಕ್ಷಿಣೆ ಮತ್ತು ಅನುಮಾನ. ಅರ್ಥಶಾಸ್ತ್ರಜ್ಞ ವಿಜಯೇಂದ್ರ ರಾವ್ ಕರ್ನಾಟಕದ ಹಳ್ಳಿಗಳ ಕುಂಬಾರ ಕುಟುಂಬಗಳನ್ನು ಅಧ್ಯಯನ ಮಾಡಿ 1997ರಲ್ಲಿ ಬರೆದರು. ಗಂಡನ ಕುಡಿತ, ವರದಕ್ಷಿಣೆ ಸಾಲದೆಂಬ ಸಿಟ್ಟು, ಹೆಂಡತಿಗೆ ಆಪರೇಷನ್ ಆದ ಮೇಲಿನ ಅನುಮಾನ, ಇವು ಏಟು ಹೆಚ್ಚಿಸಿದ್ದನ್ನು ಕಂಡರು. ಗಂಡುಮಕ್ಕಳಿದ್ದ ಹೆಂಗಸರಿಗೆ ಏಟು ಕಡಿಮೆ. ಹಾಗಾದರೆ ಹೆಣ್ಣು ಹೆತ್ತ ಬಾಣಂತಿಯ ಗತಿ?

ನಾಲ್ಕು, ಎಳೆ ವಯಸ್ಸಿನ ಮದುವೆ, ಬೇಡದ ಬಸುರು, ದೂರದ ತವರು, ಬರಿಗೈ. ನಾಟಿಗೆ ಬಗ್ಗಲಾಗದೆ, ಅಡಿಕೆ ಸುಲಿಯಲು ಕೂರಲಾಗದೆ ಬಸುರಿಯ ಕೂಲಿ ನಿಲ್ಲುತ್ತದೆ. ‘ಕೂತು ತಿನ್ನೋಳು’ ಅನ್ನೋ ಮಾತು ಶುರುವಾಗುತ್ತದೆ.

ಏಟಿನ ಫಲ ಗೊತ್ತಲ್ಲ? ರಕ್ತಸ್ರಾವ, ಗರ್ಭಪಾತ, ದಿನ ತುಂಬದ ಹೆರಿಗೆ, ತೂಕವಿಲ್ಲದ ಕೂಸು. ಹೆತ್ತ ಮೇಲೂ ಕುಗ್ಗಿದ ಮನಸ್ಸು.

ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಕೂಲಿ ಹೆಂಗಸರ ಹೆರಿಗೆ ಸೌಲಭ್ಯದ ಮಸೂದೆಯನ್ನು ಬೆಂಬಲಿಸಿ ಮಾತಾಡಿದರು. ಹೆಂಡತಿ ಗಂಡನ ಗೆಳತಿಯಾಗಿ, ಸಮಾನಳಾಗಿ ನಿಲ್ಲಬೇಕು, ಗುಲಾಮಳಾಗಬಾರದು ಅಂತ 1942ರಲ್ಲಿ ನಾಗಪುರದ ಮಹಿಳಾ ಸಮ್ಮೇಳನದಲ್ಲಿ ಹೇಳಿದರು. ಅವರ ಪಟ ಗೋಡೆಗೆ ಹಾಕಿ, ಅದೇ ಗೋಡೆಗೆ ಹೆಂಡತಿಯ ತಲೆ ಬಡಿಯೋದು ಯಾವ ನ್ಯಾಯ?

ಈಗ ಮಾಡಬೇಕಾದ್ದು. ತಾಯಿ ಕಾರ್ಡಿನಲ್ಲಿ ರಕ್ತ, ತೂಕ, ಬಿ.ಪಿ. ಬರೆಯುತ್ತಾರೆ. ‘ಮನೇಲಿ ಯಾರಾದ್ರೂ ಹೊಡೀತಾರೇನವ್ವಾ?’ ಅಂತ ಕೇಳೋರು ಬೇಕು. ಆಶಾ, ಅಂಗನವಾಡಿಯ ಅಕ್ಕಂದಿರು ಕೇಳಲಿ, ನೆರೆಯವರು ಕೇಳಲಿ. ಅತ್ತೆಯ ಎದುರಿಗಲ್ಲ, ಒಬ್ಬಳೇ ಇರುವಾಗ. ಅವಳು ಹೇಳಿದ್ದನ್ನು ಊರಿಗೆ ಸಾರಬೇಡಿ, ಅದರಿಂದಲೇ ಇನ್ನೊಂದು ಏಟು ಬಿದ್ದೀತು.

‘ಗಂಡ ಜೈಲಿಗೆ ಹೋದ್ರೆ ಕೂಳಿಗೇನು ಗತಿ’ ಅಂತ ಹೆದರುವ ತಾಯಂದಿರೇ, ದಾರಿ ಅದೊಂದೇ ಅಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಹೊಡೆಯಬೇಡ, ಮನೆಯಿಂದ ಹೊರಹಾಕಬೇಡ, ಖರ್ಚಿಗೆ ಕೊಡು ಅಂತ ಮ್ಯಾಜಿಸ್ಟ್ರೇಟರಿಂದ ಆದೇಶ ಪಡೆಯಬಹುದು. ಆದೇಶ ಮೀರಿದರೆ ಶಿಕ್ಷೆ. ನಮ್ಮ ತಾಲ್ಲೂಕಿಗೆ ಚನ್ನಗಿರಿಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ವಕೀಲರನ್ನು ಕಾನೂನು ಸೇವಾ ಸಮಿತಿ ಪುಕ್ಕಟೆ ಕೊಡುತ್ತದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಏಟು ತಿಂದವರಲ್ಲಿ ಸಹಾಯ ಕೇಳಿದವರು ದೇಶದಲ್ಲಿ 100ಕ್ಕೆ 14 ಮಾತ್ರ. ಉಳಿದವರು ಬಂದು ಕದ ತಟ್ಟಲಿ ಅಂತ ಕಾಯೋದು ಬೇಡ. ನಾವೇ ಹೋಗಿ ತಟ್ಟೋಣ.

ಜೈ ಭೀಮ್.